ನಿಂಬೆಹುಳಿಗೆ ಹೆದರದ ಕಲ್ಲು

ದಾವಣಗೆರೆಯ ಒಂದು ಅಡುಗೆಕಟ್ಟೆಯ ಮೇಲೆ ದಿನಕ್ಕೆ ಏನೇನು ಬೀಳುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಬೆಳಿಗ್ಗೆ ದೋಸೆಯ ಬೆಣ್ಣೆ. ಒಗ್ಗರಣೆ ಮಂಡಕ್ಕಿಗೆ ಹಿಂಡಿದ ನಿಂಬೆರಸ. ನರ್ಗಿಸ್ ಮಂಡಕ್ಕಿಯ ಅರಿಸಿನ. ಮಧ್ಯಾಹ್ನ ಸಾರಿಗೆ ಕಿವುಚಿದ ಹುಣಸೆಹಣ್ಣು, ಮಜ್ಜಿಗೆಯ ಹನಿ. ಸಂಜೆ ಮಿರ್ಚಿ ಕರಿದ ಎಣ್ಣೆ. ನಡುನಡುವೆ ಒಲೆಯಿಂದ ಇಳಿಸಿದ ಬಿಸಿ ಬಾಣಲೆ. ಇಷ್ಟೆಲ್ಲವನ್ನೂ ತಡೆದುಕೊಂಡು ಇಪ್ಪತ್ತು ಮೂವತ್ತು ವರ್ಷ ಬಾಳಬೇಕು, ಅಲ್ಲಿ ಹಾಸಿದ ಕಲ್ಲು.

ಆ ಕಲ್ಲನ್ನು ಕೊಳ್ಳಲು ಹೋದಾಗ ಮಾತ್ರ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ. ಯಾವ ಬಣ್ಣ? ಚದರಡಿಗೆ ಎಷ್ಟು? ಹುಳಿಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಇಂದಿನ ಮಾತು ಆ ಹುಳಿಯ ಬಗ್ಗೆಯೇ.

ಪಿ.ಜೆ. ಬಡಾವಣೆ ಊರಿನ ಹಳೆಯ ಬಡಾವಣೆಗಳಲ್ಲಿ ಒಂದು. ರಾಂ ಅಂಡ್ ಕೋ ವೃತ್ತದ ಆಸುಪಾಸಿನ ಬೀದಿಗಳಲ್ಲಿ ಓಡಾಡಿದವರಿಗೆ ಅದು ಚೆನ್ನಾಗಿ ಗೊತ್ತು. ಇಂಥ ಬಡಾವಣೆಯಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವವರಿದ್ದಾರೆ. ಮನೆ ಹಾಗೇ ಇಟ್ಟುಕೊಂಡು ಅಡುಗೆಮನೆ ಮಾತ್ರ ಹೊಸದು ಮಾಡಿಸುವವರೂ ಇದ್ದಾರೆ. ಹಳೆಯ ಕಟ್ಟೆ ಒಡೆಸಿದಾಗ ಎಷ್ಟೋ ಕಡೆ ಮೇಲೇಳುವುದು ಕಡಪ ಕಲ್ಲು.

ಕಡಪ ಕಲ್ಲು ಬರುವುದು ಆಂಧ್ರದ ಕಡಪ, ಕರ್ನೂಲು ಸೀಮೆಯಿಂದ. ನೆಲದಲ್ಲಿ ಪದರ ಪದರವಾಗಿ ಕೂತಿರುವ ಕಲ್ಲು ಅದು. ಹಲಗೆಯಾಗಿ ಏಳಿಸುವುದು ಸುಲಭ. ಹಾಗಾಗಿ ಬೆಲೆಯೂ ಕಡಿಮೆ. ಕಪಾಟಿನ ಅಡ್ಡಹಲಗೆಗೆ, ಪಾತ್ರೆ ಇಡುವ ಗೂಡಿಗೆ ಇವತ್ತಿಗೂ ಅದಕ್ಕಿಂತ ಸೋವಿಯಾದ ಕಲ್ಲು ಸಿಗುವುದು ಕಷ್ಟ. ಹೊಸದರಲ್ಲಿ ಒಳ್ಳೆಯ ಕಪ್ಪು. ಎಣ್ಣೆಗೈ ಸವರಿದರೆ ಇನ್ನೂ ಕಪ್ಪು. ಕೆಲವು ವರ್ಷ ಕಳೆಯಲಿ, ತರಕಾರಿ ಹೆಚ್ಚುವ ಜಾಗ ಬೂದುಬೂದಾಗುತ್ತದೆ. ಒಲೆಯ ಪಕ್ಕದ ಜಾಗ ಮಾತ್ರ ಜಿಡ್ಡು ಕುಡಿದು ಕಪ್ಪಾಗೇ ಉಳಿದಿರುತ್ತದೆ. ಒಂದೇ ಹಲಗೆಯಲ್ಲಿ ಎರಡು ಬಣ್ಣ. ಉಜ್ಜಿದ್ದು ಸಾಲದು ಎಂದು ಮನೆಯ ಹೆಂಗಸರು ಮತ್ತೆ ಮತ್ತೆ ಉಜ್ಜುತ್ತಾರೆ. ಉಜ್ಜಿದಷ್ಟೂ ಬೂದು ಹೆಚ್ಚುತ್ತದೆ.

ಅದು ಕೊಳೆಯಲ್ಲ. ಕಡಪ ಕಲ್ಲು ಜಾತಿಯಲ್ಲಿ ಸುಣ್ಣದ ಕಲ್ಲು. ಹುಳಿ ತಾಗಿದರೆ ಸುಣ್ಣ ಕರಗುತ್ತದೆ. ಕರಗುವಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬೀಳುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಾಲಿಶ್ ಮಾಡಿದ ಕಡಪದ ಒಂದು ತುಂಡು ತೆಗೆದುಕೊಳ್ಳಿ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಕಣ್ಣು ಹತ್ತಿರ ತಂದು ನೋಡಿದರೆ ಹನಿಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ಹತ್ತು ನಿಮಿಷ ಬಿಟ್ಟು ಒರೆಸಿ. ಈಗ ಬೆರಳಾಡಿಸಿ. ಸುತ್ತಲೂ ನುಣುಪು, ಹನಿ ಇದ್ದ ಕಡೆ ಸಣ್ಣ ತರಿ. ಆ ತರಿಯ ಮೇಲೆ ಬೆಳಕು ಚದುರುತ್ತದೆ. ಕಣ್ಣಿಗೆ ಅದು ಬೂದು ಕಲೆಯಾಗಿ ಕಾಣುತ್ತದೆ.

ಶಹಾಬಾದ್ ಕಲ್ಲಿನ ಕಥೆಯೂ ಇದೇ. ಕಲಬುರಗಿ ಜಿಲ್ಲೆಯ ಆ ಕಲ್ಲನ್ನು ನಮ್ಮ ಪಡಸಾಲೆಗಳಿಗೆ ಹಾಸಿ ತಲೆಮಾರುಗಳೇ ಕಳೆದಿವೆ. ಶಹಾಬಾದ್, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಅಲ್ಲಿನ ಸುಣ್ಣದ ಕಲ್ಲನ್ನು ನಂಬಿಯೇ. ನಡೆದಾಡುವ ನೆಲಕ್ಕೆ ಅದು ತಂಪು, ಗಟ್ಟಿ. ಹುಣಸೆಹಣ್ಣಿನ ಮುಂದೆ ಮಾತ್ರ ಸೋಲುತ್ತದೆ.

ಇನ್ನು ಅಮೃತಶಿಲೆ. ರಾಜಸ್ಥಾನದ ಮಕ್ರಾನಾದಿಂದ ತಾಜ್‌ಮಹಲಿಗೆ ಹೋದ ಕಲ್ಲು ಅದು, ದೇವರಕೋಣೆಗೆ ಶೋಭೆ. ಆದರೆ ಭೂಮಿಯೊಳಗೆ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಸುಣ್ಣದ ಕಲ್ಲೇ ಅಮೃತಶಿಲೆ. ಬೆಲೆ ಹತ್ತುಪಟ್ಟು ಕೊಟ್ಟರೂ ನಿಂಬೆರಸ ಅದಕ್ಕೆ ರಿಯಾಯಿತಿ ತೋರಿಸುವುದಿಲ್ಲ. ಬಿಳಿ ಅಡುಗೆಮನೆಯ ಚಿತ್ರ ನೋಡಿ ಬಿಳಿ ಮಾರ್ಬಲ್ ಕಟ್ಟೆ ಹಾಕಿಸಿದವರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಡುಗೆ ಮಾಡುವುದುಂಟು. ಹಾಗಾದರೆ ಹಾಕಿಸಿದ್ದಾದರೂ ಏಕೆ?

ಇಷ್ಟು ಹೊತ್ತು ಹೇಳಿದ್ದು ಇದು. ಕಡಪ, ಶಹಾಬಾದ್, ಮಾರ್ಬಲ್, ಮೂರೂ ಸುಣ್ಣದ ವಂಶ. ಮೂರಕ್ಕೂ ಹುಳಿ ಆಗದು. ಹಾಗಾದರೆ ಹುಳಿಗೆ ಜಗ್ಗದ ಕಲ್ಲು ಯಾವುದು? ಎಲ್ಲರ ಬಾಯಲ್ಲೂ ಬರುವ ಉತ್ತರ ಗ್ರಾನೈಟ್. ಉತ್ತರ ಸರಿ. ಕಾರಣವನ್ನೂ ತಿಳಿದುಕೊಂಡರೆ ಅಂಗಡಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ.

ಗ್ರಾನೈಟ್ ಎಂದರೆ ಭೂಮಿಯ ಆಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ಆರಿ ಹರಳುಗಟ್ಟಿದ್ದು. ಅದರಲ್ಲಿ ಮುಖ್ಯವಾಗಿ ಇರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು. ಸುಣ್ಣದ ಕಲ್ಲಿನಲ್ಲಿರುವ ಕಾರ್ಬೊನೇಟ್ ಇದರಲ್ಲಿ ಇಲ್ಲ. ಹುಳಿಗೆ ಕರಗುವ ವಸ್ತುವೇ ಇಲ್ಲದ ಮೇಲೆ ನಿಂಬೆರಸ ಏನು ಮಾಡೀತು?

ಗಡಸುತನದ ಮಾತೂ ಇದೆ. ಜರ್ಮನಿಯ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಒಂದು ಪಟ್ಟಿ ಮಾಡಿದ. ಒಂದರಿಂದ ಹತ್ತರವರೆಗೆ ಅಂಕ. ವಜ್ರಕ್ಕೆ ಹತ್ತು. ಬೆಣಚಿಗೆ ಏಳು. ಫೆಲ್ಡ್‌ಸ್ಪಾರ್‌ಗೆ ಆರು. ನಮ್ಮ ಅಡುಗೆಮನೆಯ ಚಾಕು ಐದೂವರೆಯ ಆಸುಪಾಸು. ಸುಣ್ಣದ ಕಲ್ಲಿನ ಖನಿಜಕ್ಕೆ ಬರೀ ಮೂರು. ಅಂದರೆ ಚಾಕು ಕಡಪದ ಮೇಲೆ ಗೀರು ಹಾಕುತ್ತದೆ. ಗ್ರಾನೈಟ್ ಮೇಲೆ ಅದೇ ಚಾಕು ಮೊಂಡಾಗುತ್ತದೆ. ಕಟ್ಟೆಯ ಮೇಲೇ ಈರುಳ್ಳಿ ಹೆಚ್ಚುವ ಅಭ್ಯಾಸವಿದ್ದವರಿಗೆ ಚಾಕು ಸಾಣೆ ಹಿಡಿಯುವವನ ಗುರುತು ಚೆನ್ನಾಗಿರಬೇಕು.

ಕರ್ನಾಟಕದಲ್ಲಿ ಗ್ರಾನೈಟಿಗೆ ಬರವಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಕ್ಕೆ ಹೋಗುತ್ತದೆ. ದಾವಣಗೆರೆಯಿಂದ ಇಳಕಲ್ಲು ಸುಮಾರು ಇನ್ನೂರು ಕಿಲೋಮೀಟರ್. ಸೀರೆಗೆ ಹೋದವರು ಕಲ್ಲನ್ನೂ ನೋಡಿಕೊಂಡು ಬರಬಹುದು. ಕನಕಪುರದ ಕಡೆಯದು ಹಲವು ಬಣ್ಣ ಹೆಣೆದುಕೊಂಡ ಕಲ್ಲು. ಗುಲಾಬಿ, ಬೂದು, ಕಪ್ಪು ಪಟ್ಟೆಗಳು ಹೊಳೆಯ ನೀರಿನ ಸುಳಿಯ ಹಾಗೆ ಓಡುತ್ತವೆ. ರಾಮನಗರದ ಸೀಮೆಯಿಂದ ಉತ್ತರಕ್ಕೆ ನಾನೂರು ಕಿಲೋಮೀಟರಿಗೂ ಉದ್ದಕ್ಕೆ ಹಬ್ಬಿದ ಗ್ರಾನೈಟ್ ಪಟ್ಟಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇಂಥ ಕಲ್ಲಿನ ಮೇಲೆ ಗ್ಯಾರಂಟಿ ಎಷ್ಟು ವರ್ಷ ಎಂದು ಅಂಗಡಿಯವನನ್ನು ಕೇಳುವುದು ಒಂದು ತಮಾಷೆಯೇ ಸರಿ.

ಚಾಮರಾಜನಗರದ ಕಪ್ಪು ಕಲ್ಲಿನ ಮಾತು ಬೇರೆ. ಅಂಗಡಿಯಲ್ಲಿ ಅದಕ್ಕೂ ಗ್ರಾನೈಟ್ ಎಂದೇ ಬೋರ್ಡು. ನಿಜದಲ್ಲಿ ಅದು ಹಳೆಯ ಬಂಡೆಗಳ ಬಿರುಕಿನೊಳಗೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಡಾಲರೈಟ್. ಕಣ ಬಹಳ ಸಣ್ಣ, ಒತ್ತೊತ್ತು. ನೀರು, ಎಣ್ಣೆ ಒಳಗಿಳಿಯಲು ಸಂದು ಕಡಿಮೆ. ಅಡುಗೆಕಟ್ಟೆಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ. ಕಪ್ಪು ಕಲ್ಲು ಎಷ್ಟು ಕಾಲ ಹೊಳಪು ಹಿಡಿದೀತು ಎಂಬ ಅನುಮಾನ ಇದ್ದವರು ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಿ ಬರಲಿ. ಹೈದರಾಲಿಯ ಗೋರಿಯ ಸುತ್ತ ನಿಂತ ಕಪ್ಪು ಕಂಬಗಳಿಗೆ ಇನ್ನೂರು ವರ್ಷ ಮೀರಿದೆ. ಮಳೆ, ಬಿಸಿಲು, ಒರಗುವ ಪ್ರವಾಸಿಗರು, ಎಲ್ಲ ಆಗಿಯೂ ಹತ್ತಿರ ಹೋದರೆ ಮುಖ ಕಾಣುವಷ್ಟು ಹೊಳಪು ಉಳಿದಿದೆ.

ಹಾಗಾದರೆ ಗಟ್ಟಿಯಾದದ್ದೇ ಒಳ್ಳೆಯ ಕಲ್ಲು ಎನ್ನೋಣವೇ? ಸ್ವಲ್ಪ ತಡೆಯಿರಿ. ದಾವಣಗೆರೆಯಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಇದಕ್ಕೆ ಬೇರೆಯೇ ಉತ್ತರ ಇದೆ.

ಹರಿಹರದಲ್ಲಿ ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಗುಡಿಯ ಕಂಬದ ಮೇಲೆ ಅಂಗೈ ಇಡಿ. ತಣ್ಣಗೆ, ಸಾಬೂನು ಮುಟ್ಟಿದಂಥ ನುಣುಪು. ಕಂಬದ ಮೈಯಲ್ಲಿ ಒಂದರ ಮೇಲೊಂದು ದುಂಡು ಉಂಗುರಗಳು, ಮರದ ಕಾಲನ್ನು ಚರಕಿಯಲ್ಲಿ ಕಡೆದಷ್ಟು ಸಲೀಸು. ಕಲ್ಲನ್ನು ಹಾಗೆ ಕಡೆಯಲು ಸಾಧ್ಯವಾದದ್ದು ಅದು ಬಳಪದ ಕಲ್ಲಿನ ಜಾತಿಯಾದ್ದರಿಂದ. ಮೋಸ್ ಪಟ್ಟಿಯಲ್ಲಿ ಬಳಪಕ್ಕೆ ಒಂದೇ ಅಂಕ. ಉಗುರಿನಿಂದಲೂ ಗೀರು ಬೀಳುವಷ್ಟು ಮೃದು. ಗುಡಿಯ ಕಲ್ಲಿನಲ್ಲಿ ಬೇರೆ ಖನಿಜಗಳೂ ಸೇರಿರುವುದರಿಂದ ಸ್ವಲ್ಪ ಗಟ್ಟಿ. ಆದರೂ ಗ್ರಾನೈಟ್ ಮುಂದೆ ಮೆದುವೇ.

ಆ ಮೆದು ಕಲ್ಲು ಹುಳಿಗೆ ಹೆದರುವುದಿಲ್ಲ! ಮಲೆನಾಡಿನ ಹಳೆಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿಡುತ್ತಿದ್ದ ಕಲ್ಲಿನ ಮರಿಗೆಗಳನ್ನು ನೆನಪು ಮಾಡಿಕೊಳ್ಳಿ. ಉಪ್ಪು, ಹುಳಿ, ಖಾರ ಮೂರೂ ಕೂಡಿ ತಿಂಗಳುಗಟ್ಟಲೆ ಕೂತರೂ ಮರಿಗೆಗೆ ಏನೂ ಆಗುತ್ತಿರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಮೇಜುಗಳಿಗೆ ಇದೇ ಜಾತಿಯ ಕಲ್ಲು ಹಾಸುತ್ತಿದ್ದರು. ಅಲ್ಲಿ ಬೀಳುತ್ತಿದ್ದುದು ನಿಂಬೆರಸಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ಆಮ್ಲ. ಫಿನ್‌ಲೆಂಡಿನಲ್ಲಿ ಬಳಪದ ಕಲ್ಲಿನಿಂದ ಮನೆ ಕಾಯಿಸುವ ಒಲೆಗಳನ್ನೇ ಕಟ್ಟುತ್ತಾರೆ. ಬೆಂಕಿ ಆರಿದ ಮೇಲೂ ಕಲ್ಲು ಗಂಟೆಗಟ್ಟಲೆ ಬಿಸಿ ಬಿಡುತ್ತಿರುತ್ತದೆ. ಅಮೆರಿಕದಲ್ಲಿ ಅಡುಗೆಕಟ್ಟೆಗೂ ಬಳಸುತ್ತಾರೆ.

ಹಾಗೆಂದು ಪಿ.ಜೆ. ಬಡಾವಣೆಯ ಕಟ್ಟೆಗೆ ಬಳಪದ ಕಲ್ಲು ಹಾಕಿಸಿ ಎಂದರೆ ಸಲಹೆ ಸರಿಯಾಗದು. ಹಿತ್ತಾಳೆ ಕೊಡ ಎಳೆದರೆ ಗೀರು. ಕಟ್ಟೆಯ ಮೇಲೇ ರೊಟ್ಟಿ ಬಡಿಯುವ ಮನೆಗಳಲ್ಲಿ ಬಳೆ ತಾಗಿದರೆ ಗೀರು. ಗೀರನ್ನು ಮರಳುಕಾಗದದಿಂದ ತಿಕ್ಕಿ ಅಳಿಸಬಹುದು, ನಿಜ. ಯಾರಿಗೆ ಪುರುಸೊತ್ತು? ಆದರೂ ಹರಿಹರದ ಕಂಬ ಒಂದು ವಿಷಯವನ್ನು ಬೇರೆ ಮಾಡಿ ತೋರಿಸುತ್ತದೆ. ಗೀರು ತಡೆಯುವುದು ಒಂದು ಗುಣ. ಹುಳಿ ತಡೆಯುವುದು ಇನ್ನೊಂದು ಗುಣ. ಬಳಪದ ಕಲ್ಲಿಗೆ ಎರಡನೆಯದು ಮಾತ್ರ ಇದೆ. ಸುಣ್ಣದ ಕಲ್ಲಿಗೆ ಎರಡೂ ಇಲ್ಲ. ಗ್ರಾನೈಟಿಗೂ ಕಪ್ಪು ಡಾಲರೈಟಿಗೂ ಎರಡೂ ಇವೆ. ನಮ್ಮ ಅಡುಗೆಗೆ ಎರಡೂ ಬೇಕು.

ಅಲ್ಲಿಗೆ ಯಾವ ಜಾತಿ ಎಂಬುದು ತೀರ್ಮಾನವಾಯಿತು. ಇನ್ನು ಉಳಿದದ್ದು ಅಂಗಡಿಯ ಮುಂದೆ ನಿಲ್ಲಿಸಿಟ್ಟ ನೂರು ಹಲಗೆಗಳಲ್ಲಿ ಯಾವುದು ಎಂಬ ಪ್ರಶ್ನೆ. ಅಲ್ಲಿ ನಡೆಯುವ ಮಾತುಕತೆ ಸುಮಾರಾಗಿ ಹೀಗಿರುತ್ತದೆ.

"ಜೆಟ್ ಬ್ಲ್ಯಾಕ್ ಅಕ್ಕಾರೆ, ಕಣ್ಮುಚ್ಚಿ ತಗೊಳ್ರಿ."

"ಕಣ್ಮುಚ್ಚಿ ಬ್ಯಾಡಣ್ಣ. ಇದೇ ಹಲಗೇದು ಒಂದು ತುಂಡು ಕೊಡ್ರಿ. ಮನೀಗೆ ಒಯ್ದು ನೋಡಿ ನಾಳೆ ಹೇಳ್ತೀವಿ."

ಆ ಅಕ್ಕ ಜಾಣೆ. ಕಪ್ಪು ಕಲ್ಲಿಗೆ ಬೇಡಿಕೆ ಹೆಚ್ಚು. ಹಾಗಾಗಿ ಬೂದುಗಪ್ಪು ಕಲ್ಲಿಗೆ ಬಣ್ಣ ಹಾಕಿ ಕಡುಗಪ್ಪು ಎಂದು ಮಾರುವುದು ಪ್ರಪಂಚದ ಎಲ್ಲ ಕಡೆಯೂ ಇರುವ ವಿದ್ಯೆ. ಕಂಡುಹಿಡಿಯಲು ಉಗುರಿನ ಬಣ್ಣ ಅಳಿಸುವ ದ್ರವ ಸಾಕು. ಬಿಳಿ ಬಟ್ಟೆಗೆ ಅದನ್ನು ಹಾಕಿ ಕಲ್ಲಿನ ಮೇಲೆ ಉಜ್ಜಿ. ಬಟ್ಟೆ ಕಪ್ಪಾದರೆ ಕಲ್ಲಿನ ಕಪ್ಪು ಅದರದ್ದಲ್ಲ. ಬಣ್ಣ ಹಾಕಿದ ಕಲ್ಲು ಕಟ್ಟೆಯ ಮೇಲೆ ಬಂದ ಮೇಲೆ ನಿಂಬೆರಸ, ಸೋಪಿನ ಪುಡಿ ತಾಗಿದ ಕಡೆಗಳಲ್ಲಿ ಬಿಳಿಚಿಕೊಳ್ಳುತ್ತದೆ. ಗ್ರಾನೈಟಿಗೂ ಹುಳಿ ಆಗಿಬರುವುದಿಲ್ಲ ಎಂದು ಜನ ದೂರುವುದು ಹೆಚ್ಚಾಗಿ ಇಂಥ ಕಲ್ಲನ್ನು ನೋಡಿಯೇ.

ತುಂಡು ಮನೆಗೆ ಬಂತು. ಅದರ ಮೇಲೆ ಒಂದು ಕಡೆ ನಿಂಬೆರಸ ಬಿಡಿ. ಒಂದು ಕಡೆ ಶೇಂಗಾ ಎಣ್ಣೆ. ಇನ್ನೊಂದು ಕಡೆ ಅರಿಸಿನ ಕಲೆಸಿದ ನೀರು. ಮತ್ತೊಂದು ಕಡೆ ಬರೀ ನೀರು. ನೀರಿನ ಹನಿಯನ್ನು ಹತ್ತು ನಿಮಿಷಕ್ಕೆ ಒರೆಸಿ ನೋಡಿ. ಕಲ್ಲು ಅಲ್ಲಿ ಕಪ್ಪೇರಿದ್ದರೆ ನೀರು ಒಳಗಿಳಿದಿದೆ ಎಂದರ್ಥ. ಉಳಿದವು ರಾತ್ರಿಯೆಲ್ಲ ಇರಲಿ. ಬೆಳಿಗ್ಗೆ ತೊಳೆದು, ಒಣಗಿಸಿ, ಬೆರಳಾಡಿಸಿ. ನಿಂಬೆ ಬಿದ್ದ ಕಡೆ ತರಿ ಸಿಕ್ಕರೆ ಆ ಕಲ್ಲು ಬೇಡ. ಎಣ್ಣೆಯ ಗುರುತು ಮಾತ್ರ ಉಳಿದಿದ್ದರೆ ಗಾಬರಿ ಬೇಡ, ಅದಕ್ಕೆ ಮದ್ದಿದೆ.

ಹಲಗೆಯನ್ನೂ ಪೂರ್ತಿ ಪರೀಕ್ಷಿಸಿ. ಅಂಗಡಿಯವರಿಂದ ಒಂದು ಬಕೆಟ್ ನೀರು ಹಾಕಿಸಿ, ಆರುವುದನ್ನು ನೋಡುತ್ತ ನಿಲ್ಲಿ. ಎಲ್ಲ ಕಡೆ ಆರಿದ ಮೇಲೂ ಕೂದಲೆಳೆಯಷ್ಟು ಗೆರೆಯೊಂದು ಒದ್ದೆಯಾಗಿಯೇ ಉಳಿದರೆ ಅದು ಬಿರುಕು. ನಾಣ್ಯದಿಂದ ತಟ್ಟಿ ಕೇಳಿ. ಗಟ್ಟಿ ಹಲಗೆ ಠಣ್ಣೆನ್ನುತ್ತದೆ. ಬಿರುಕಿದ್ದರೆ ಸದ್ದು ಮಂದ. ಹಲಗೆಯ ಬೆನ್ನಿಗೆ ಬಲೆಯಂಥ ಬಟ್ಟೆ ಅಂಟಿಸಿದ್ದರೆ ಯಾಕೆ ಎಂದು ಕೇಳಿ. ಸಾಗಣೆಯಲ್ಲಿ ಮುರಿಯದಿರಲಿ ಎಂದು ಅಂಟಿಸಿರಬಹುದು. ಕಲ್ಲೇ ಬಡಕಲು ಎಂಬ ಕಾರಣಕ್ಕೂ ಇರಬಹುದು.

ಎಣ್ಣೆಯ ಮದ್ದು ಎಂದೆವಲ್ಲ, ಅದಕ್ಕೆ ಬರೋಣ. ಕಟ್ಟೆಯ ಮೇಲೆ ಆಗುವ ಕಲೆಗಳು ಎರಡು ಬಗೆ. ಹುಳಿಯ ಕಲೆಯಲ್ಲಿ ಕಲ್ಲೇ ಸವೆದಿರುತ್ತದೆ. ಅದನ್ನು ತೊಳೆದು ತೆಗೆಯಲಾಗದು, ಮತ್ತೆ ಪಾಲಿಶ್ ಹಿಡಿಸಬೇಕು. ಎಣ್ಣೆ, ಅರಿಸಿನದ ಕಲೆಯಲ್ಲಿ ಕಲ್ಲು ಹಾಗೇ ಇರುತ್ತದೆ, ಸಂದಿನಲ್ಲಿ ಬೇರೆ ವಸ್ತು ಕೂತಿರುತ್ತದೆ. ಅದನ್ನು ಹೊರಗೆಳೆಯಬಹುದು. ಅಡುಗೆ ಸೋಡವನ್ನು ನೀರಿನಲ್ಲಿ ಗಟ್ಟಿಯಾಗಿ ಕಲೆಸಿ ಎಣ್ಣೆಯ ಕಲೆಯ ಮೇಲೆ ಮೆತ್ತಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಮಾರನೆಯ ದಿನ ಹಾಳೆ ತೆಗೆದು ಒಣಗಲು ಬಿಟ್ಟು ಕೆರೆಯಿರಿ. ಸೋಡ ಜಿಡ್ಡನ್ನು ಹೀರಿಕೊಂಡಿರುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ. ಅರಿಸಿನದ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ. ಕಿಟಕಿಯ ಬಿಸಿಲು ಬೀಳುವ ಕಟ್ಟೆಯಾದರೆ ಅದರ ಗೊಡವೆಯೇ ಇಲ್ಲ. ತಿಳಿಬಣ್ಣದ ಗ್ರಾನೈಟಿಗೆ ಸಂದು ಮುಚ್ಚುವ ಸೀಲರ್ ಹಚ್ಚಿಸುವುದು ಒಳ್ಳೆಯದು. ಒತ್ತು ಕಣದ ಕಪ್ಪು ಕಲ್ಲಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಬೋರ್‌ವೆಲ್ ನೀರಿನ ಮನೆಯವರಿಗೆ ಇನ್ನೊಂದು ತಲೆನೋವು. ಸಿಂಕಿನ ಸುತ್ತ ಬಿಳಿಯ ಗಟ್ಟಿ ಪೊರೆ. ಕಪ್ಪು ಕಲ್ಲಿನ ಮೇಲೆ ಅದು ಎದ್ದು ಕಾಣುತ್ತದೆ. ಪೊರೆ ಎಂದರೆ ನೀರಿನಿಂದ ಇಳಿದ ಸುಣ್ಣವೇ. ಕಡಪವನ್ನು ಕೆಡಿಸಿದ ನಿಂಬೆರಸ ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಿಂಡಿದ ಹೋಳಿನಿಂದಲೇ ಉಜ್ಜಿ, ಕೂಡಲೇ ತೊಳೆಯಿರಿ. ಗ್ರಾನೈಟಿಗೆ ತೊಂದರೆ ಇಲ್ಲ. ಕಡಪದ ಕಟ್ಟೆಯವರು ಮಾತ್ರ ಈ ಉಪಾಯ ಮಾಡಬಾರದು. ಪೊರೆಯ ಜೊತೆ ಕಲ್ಲೂ ಹೋದೀತು.

ಅಳತೆಯ ಲೆಕ್ಕ ಬೇಗ ಮುಗಿಸೋಣ. ಇಪ್ಪತ್ತು ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು ಐದು ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆ ಎಂದರೆ ನೂರು ಕಿಲೋ. ಸಾಗಿಸುವಾಗ ಹಲಗೆಯನ್ನು ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಸಿಂಕಿಗೆ, ಒಲೆಗೆ ಕೊರೆದ ಕಡೆ ಮುಂದೆ ಉಳಿಯುವ ಪಟ್ಟಿ ಮೂರು ನಾಲ್ಕು ಇಂಚು ಮಾತ್ರ. ಮುರಿದರೆ ಅಲ್ಲೇ ಮುರಿಯುವುದು. ಜಾಯಿಂಟ್ ಸಿಂಕಿನಿಂದ ದೂರ ಬರಲಿ. ಮುಂದಿನ ಅಂಚಿನ ತಳಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಕೊರೆಸಿ. ಚೆಲ್ಲಿದ ನೀರು ಒಳಕ್ಕೆ ಹರಿದು ಕಪಾಟನ್ನು ನೆನೆಸದೆ ಅಲ್ಲೇ ತೊಟ್ಟಿಕ್ಕುತ್ತದೆ.

ಈಗ ಇನ್ನೊಂದು ಪ್ರಶ್ನೆ. ಕ್ವಾರ್ಟ್ಜ್ ಎಂದು ಮಾರುವ ಹೊಸ ಹಲಗೆ ಹೇಗೆ? ಅದು ಗಣಿಯಿಂದ ಎದ್ದು ಬಂದ ಕಲ್ಲಲ್ಲ. ಬೆಣಚಿನ ಪುಡಿಯನ್ನು ಅಂಟಿನಲ್ಲಿ ಕಲೆಸಿ ಒತ್ತಿದ್ದು. ಪುಡಿಯ ಪಾಲು ನೂರಕ್ಕೆ ತೊಂಬತ್ತು. ಹುಳಿಗೆ ಅದು ಜಗ್ಗುವುದಿಲ್ಲ, ಒಪ್ಪತಕ್ಕ ಮಾತು. ಆದರೆ ಒಲೆಯಿಂದ ಇಳಿಸಿದ ದೋಸೆ ಹಂಚನ್ನು ನೇರ ಅದರ ಮೇಲಿಟ್ಟರೆ ಅಂಟು ಸುಟ್ಟು ಗುರುತು ಉಳಿಯುತ್ತದೆ. ಇನ್ನೂ ದೊಡ್ಡ ಮಾತು ಅದನ್ನು ಕತ್ತರಿಸುವವರದು. ಬೆಣಚಿನ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ, ವಾಸಿಯಾಗದ ಕಾಯಿಲೆ ಬರುತ್ತದೆ. ಎಳೆಯ ವಯಸ್ಸಿನ ಕೆಲಸಗಾರರಲ್ಲೂ ಅದು ಕಂಡದ್ದರಿಂದ ಆಸ್ಟ್ರೇಲಿಯ 2024ರ ಜುಲೈ 1ರಿಂದ ಇಂಥ ಹಲಗೆಗಳನ್ನೇ ನಿಷೇಧಿಸಿತು.

ಗ್ರಾನೈಟಿನಲ್ಲಿ ಬೆಣಚಿನ ಪಾಲು ಇದರ ಅರ್ಧಕ್ಕಿಂತ ಕಡಿಮೆ. ಆದರೂ ದೂಳು ದೂಳೇ. ಮನೆಯಂಗಳದಲ್ಲಿ ಸಿಂಕಿಗೆ ಕೊರೆಯುವ ಹುಡುಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಒಣಕಲ್ಲಿಗೆ ಮೆಷಿನ್ ಹಿಡಿದಿರುತ್ತಾನೆ. ಬಿಳಿ ಮೋಡದೊಳಗೆ ಅವನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತದೆ. ಕರವಸ್ತ್ರ ಆ ನಯವಾದ ದೂಳನ್ನು ತಡೆಯುವುದಿಲ್ಲ. ನೀರು ಬಿಟ್ಟುಕೊಂಡೇ ಕೊಯ್ಯಬೇಕು ಎಂದು ಮನೆಯವರು ಮೊದಲೇ ಮಾತಾಡಿಕೊಳ್ಳಬೇಕು. ಒಂದು ಪೈಪು ಎಳೆದುಕೊಟ್ಟು, ಒಂದು ಒಳ್ಳೆಯ ಮಾಸ್ಕ್ ಕೊಡಿಸಿದರೆ ಕಟ್ಟೆಯ ಖರ್ಚಿನಲ್ಲಿ ಅದು ಲೆಕ್ಕಕ್ಕೂ ಬಾರದು.

ಕಲ್ಲು ಆರಿಸಿದ್ದಾಯಿತು, ಪರೀಕ್ಷೆ ಮಾಡಿದ್ದಾಯಿತು, ಕೊಯ್ದು ಕೂರಿಸಿದ್ದೂ ಆಯಿತು. ಉಳಿದದ್ದು ಕೊನೆಯ ದಿನದ ಎಚ್ಚರ. ಕಟ್ಟೆಯ ಮೇಲೆ ಸಿಮೆಂಟಿನ ಚುಕ್ಕೆಗಳು ಒಣಗಿ ಅಂಟಿರುತ್ತವೆ. ಕೆಲಸದವರು ಅದನ್ನು ತೆಗೆಯಲು ಆಸಿಡ್ ಬಾಟಲಿ ತೆಗೆಯುತ್ತಾರೆ. ಬೇಗ ಮುಗಿಸಿ ಹೋಗುವ ಅವಸರ ಅವರದು. ಅದು ನಿಂಬೆಹುಳಿಯಲ್ಲ, ಹೈಡ್ರೋಕ್ಲೋರಿಕ್ ಆಮ್ಲ. ಪಕ್ಕದ ಕಡಪದ ಗೂಡಿಗೆ ಸಿಡಿದರೆ ಅದು ನೊರೆಯೇಳುತ್ತದೆ. ಕಬ್ಬಿಣದ ಅಂಶವಿರುವ ಗ್ರಾನೈಟ್ ಆದರೆ ಕೆಲವು ದಿನಕ್ಕೆ ತುಕ್ಕಿನ ಹಳದಿ ಕಲೆ ಮೇಲೇಳುತ್ತದೆ. ಬಾಟಲಿಯನ್ನು ಒಳಗಿಡಿಸಿ. ಚುಕ್ಕೆಗಳನ್ನು ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಸಿ. ಅರ್ಧ ದಿನದ ಕೂಲಿ ಹೆಚ್ಚು ಬಿದ್ದರೂ ಬೀಳಲಿ.